ಎದೆಯೊಳಗಿನ ಮಹಾಪಧಮನಿ ಉಬ್ಬಿದಾಗ, ಸೀಳಿದಾಗ

2005ರ ಡಿಸೆಂಬರ್ 31ರ ಸಂಜೆ. ಅಮೆರಿಕದ ಹ್ಯೂಸ್ಟನ್ ನಗರದ ತಮ್ಮ ಮನೆಯಲ್ಲಿ 97 ವರ್ಷದ ಡಾ. ಮೈಕೆಲ್ ಡಿಬೇಕಿ ಒಬ್ಬರೇ ಇದ್ದರು. ಇದ್ದಕ್ಕಿದ್ದಂತೆ ಎದೆಯ ಮೇಲ್ಭಾಗದಲ್ಲಿ ಮತ್ತು ಬೆನ್ನಿನ ಎರಡು ರೆಕ್ಕೆ ಎಲುಬುಗಳ ನಡುವೆ ಹರಿದು ಹಾಕುವಂತಹ ನೋವು ಎದ್ದು ಕುತ್ತಿಗೆಗೆ ಏರಿತು. ಹೃದಯಾಘಾತವಾಗಿದೆ, ಇನ್ನೇನು ಹೃದಯ ನಿಲ್ಲುತ್ತದೆ ಎಂದು ಅವರು ಅಂದುಕೊಂಡರು. ಆಂಬುಲೆನ್ಸ್ ಕರೆಯುವ ಯೋಚನೆಯೂ ಬರಲಿಲ್ಲವಂತೆ. ಆದರೆ ಹೃದಯ ಬಡಿಯುತ್ತಲೇ ಇತ್ತು. ಆಗ ಅವರಿಗೆ ಬೇರೆಯೇ ಅನುಮಾನ ಬಂತು: ತೊಂದರೆ ಹೃದಯದಲ್ಲಲ್ಲ, ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ. ಮೂರು ದಿನಗಳ ಬಳಿಕ ಮಾಡಿದ ಸಿ.ಟಿ. ಸ್ಕ್ಯಾನ್ ಅವರ ಅನುಮಾನ ನಿಜವೆಂದು ತೋರಿಸಿತು.

ವಿಚಿತ್ರವೆಂದರೆ, ಈ ರೋಗಕ್ಕೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಐವತ್ತು ವರ್ಷಗಳ ಹಿಂದೆ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅವರೇ ಮುಖ್ಯರು. ಲೆಬನಾನಿನಿಂದ ಅಮೆರಿಕಕ್ಕೆ ವಲಸೆ ಹೋದ ದಂಪತಿಯ ಮಗ ಅವರು. ಚಿಕ್ಕಂದಿನಲ್ಲಿ ತಾಯಿ ಅವರಿಗೆ ಹೊಲಿಗೆ ಕಲಿಸಿದ್ದರು. 1950ರ ದಶಕದ ಆರಂಭದಲ್ಲಿ, ಕೆಟ್ಟುಹೋದ ರಕ್ತನಾಳದ ಜಾಗಕ್ಕೆ ಬಟ್ಟೆಯ ಕೊಳವೆ ಹಾಕಬಹುದೇ ಎಂದು ಯೋಚಿಸುತ್ತಿದ್ದ ಡಿಬೇಕಿ ನೈಲಾನ್ ಕೊಳ್ಳಲು ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಎಂಬ ಹೊಸ ಪಾಲಿಯೆಸ್ಟರ್ ಬಟ್ಟೆ ಇತ್ತು. ಅದನ್ನೇ ತಂದು ಪತ್ನಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಇಂದಿಗೂ ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಮಹಾಪಧಮನಿಯ ಶಸ್ತ್ರಚಿಕಿತ್ಸೆಯಲ್ಲಿ ಹಾಕುವ ಕೊಳವೆ ಹೆಚ್ಚಾಗಿ ಡೇಕ್ರಾನಿನದೇ. ಅಂದು ನೈಲಾನ್ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ, ಏಕೆಂದರೆ ನೈಲಾನ್ ದೇಹದೊಳಗೆ ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತದೆ.

ಹೃದಯದ ಎಡ ಕೋಣೆಯಿಂದ ಹೊರಡುವ ಈ ಕೊಳವೆಗೆ ಡಾಕ್ಟರರು ಅಯೋರ್ಟಾ ಎನ್ನುತ್ತಾರೆ. ಊರಿನ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪಿನಂತೆ ಇದು. ಮೊದಲು ಮೇಲಕ್ಕೇರಿ, ಊರುಗೋಲಿನ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿದು ಹೊಟ್ಟೆಗೆ ಹೋಗುತ್ತದೆ. ಏರುವ ಭಾಗದ ಬುಡದಿಂದ ಹೃದಯಕ್ಕೇ ರಕ್ತ ಕೊಡುವ ನಾಳಗಳು, ಬಾಗಿದ ಕಮಾನಿನಿಂದ ಮೆದುಳಿಗೆ ಮತ್ತು ಕೈಗಳಿಗೆ ಹೋಗುವ ನಾಳಗಳು, ಇಳಿಯುವ ಭಾಗದಿಂದ ಬೆನ್ನುಹುರಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಕವಲೊಡೆಯುತ್ತವೆ. ಚಿಕಿತ್ಸೆ ಯಾಕೆ ಕಷ್ಟ, ಅಪಾಯ ಎಲ್ಲಿದೆ ಎಂಬುದೆಲ್ಲ ಈ ಕವಲುಗಳಲ್ಲೇ ಅಡಗಿದೆ. ದೊಡ್ಡವರಲ್ಲಿ ಏರುವ ಭಾಗದ ಅಗಲ ಸುಮಾರು 3 ಸೆಂಟಿಮೀಟರ್. ಇಳಿಯುವ ಭಾಗ ಅದಕ್ಕಿಂತ ತುಸು ಕಿರಿದು.

ಈ ಕೊಳವೆಗೆ ಬರುವ ಕಾಯಿಲೆಗಳಲ್ಲಿ ಎರಡು ಮುಖ್ಯ. ಒಂದು, ಗೋಡೆ ದುರ್ಬಲವಾಗಿ ಬಲೂನಿನಂತೆ ಉಬ್ಬುವುದು. ಇದಕ್ಕೆ ಅನ್ಯೂರಿಸಂ ಎಂದು ಹೆಸರು. ಇದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹೆಚ್ಚಿನವರಿಗೆ ಬೇರೆ ಯಾವುದೋ ಕಾರಣಕ್ಕೆ ಎಕೋ ಅಥವಾ ಸ್ಕ್ಯಾನ್ ಮಾಡಿಸಿದಾಗಲೇ ಗೊತ್ತಾಗುವುದು. ಕೆಲವರಲ್ಲಿ ಉಬ್ಬು ಪಕ್ಕದ ನರವನ್ನು ಒತ್ತಿ ದನಿ ಒಡೆಯಬಹುದು, ಅನ್ನನಾಳವನ್ನು ಒತ್ತಿ ನುಂಗಲು ಕಷ್ಟವಾಗಬಹುದು. ಇನ್ನೊಂದು, ಗೋಡೆಯ ಒಳಪದರ ಹರಿದು, ರಕ್ತ ಪದರಗಳ ನಡುವೆ ನುಗ್ಗಿ ಗೋಡೆಯನ್ನು ಉದ್ದಕ್ಕೂ ಸೀಳುತ್ತ ಹೋಗುವುದು. ಇದು ಡಿಸೆಕ್ಷನ್. ಡಿಬೇಕಿಯವರಿಗೆ ಆದದ್ದು ಇದೇ.

ಆ ನೋವನ್ನು ಗುರುತಿಸುವುದು

ಡಿಸೆಕ್ಷನ್ ನೋವಿಗೆ ಒಂದು ಗುಣವಿದೆ. ಹೃದಯಾಘಾತದ ನೋವು ಸಾಮಾನ್ಯವಾಗಿ ಭಾರವಿಟ್ಟಂತೆ ಶುರುವಾಗಿ ನಿಧಾನಕ್ಕೆ ಏರುತ್ತದೆ. ಡಿಸೆಕ್ಷನ್ ನೋವು ಮೊದಲ ಕ್ಷಣದಲ್ಲೇ ಅತಿ ತೀವ್ರ. ಯಾವಾಗ ಶುರುವಾಯಿತೆಂದು ಕೇಳಿದರೆ ರೋಗಿ ನಿಮಿಷ ಸಹಿತ ಹೇಳುತ್ತಾರೆ. ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ನೋವು ಜಾಗ ಬದಲಿಸಬಹುದು. ಜೊತೆಗೆ ಪ್ರಜ್ಞೆ ತಪ್ಪುವುದು, ಒಂದು ಕಾಲು ತಣ್ಣಗಾಗಿ ಬಲ ಕಳೆದುಕೊಳ್ಳುವುದು, ಪಾರ್ಶ್ವವಾಯುವಿನಂತೆ ಬಾಯಿ ಸೊಟ್ಟಗಾಗುವುದು, ಒಂದು ಕೈಯ ಬಿ.ಪಿ.ಗೂ ಇನ್ನೊಂದು ಕೈಯ ಬಿ.ಪಿ.ಗೂ ದೊಡ್ಡ ಅಂತರ ಇವೆಲ್ಲ ಕಾಣಬಹುದು.

ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿ ಮಲಗುವುದು ನಮ್ಮ ಮನೆಗಳಲ್ಲಿ ತೀರಾ ಮಾಮೂಲು. ಸ್ವತಃ ಡಿಬೇಕಿಯವರೇ ಅಂದು ಮನೆಯವರಿಗೆ ಬೇರೇನೋ ಹೇಳಿ ಸುಮ್ಮನಾಗಿಸಿದ್ದರು! ಎರಡನೆಯ ತಪ್ಪು ಇನ್ನೂ ದೊಡ್ಡದು. ಇದನ್ನು ಹೃದಯಾಘಾತವೆಂದೇ ತಿಳಿದು ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ, ಸೀಳಿದ ಗೋಡೆಯಿಂದ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು. ಆದ್ದರಿಂದ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳದಿದ್ದರೂ ಮೂರು ಸಂಗತಿ ಹೇಳಿ: ನೋವು ಹೇಗೆ ಶುರುವಾಯಿತು, ಬೆನ್ನಿಗೆ ಹೋಯಿತೇ, ಕುಟುಂಬದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ. ಖಚಿತಪಡಿಸುವ ಪರೀಕ್ಷೆ ಸಿ.ಟಿ. ಆಂಜಿಯೋಗ್ರಾಂ. ಬರೀ ಇ.ಸಿ.ಜಿ. ಸರಿಯಿದೆ ಎಂದು ಮನೆಗೆ ಮರಳುವಂತಿಲ್ಲ. ಮನೆಯಿಂದ ಹೊರಡುವಾಗ 108ಕ್ಕೆ ಕರೆ ಮಾಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ.

ಸೀಳು ಎಲ್ಲಿದೆ ಎಂಬುದರ ಮೇಲೆ ಚಿಕಿತ್ಸೆ

ಡಿಸೆಕ್ಷನ್ ಎಂದು ಗೊತ್ತಾದ ಮೇಲೆ ಡಾಕ್ಟರರು ಮೊದಲು ನೋಡುವುದು ಏರುವ ಭಾಗಕ್ಕೆ ಸೀಳು ತಾಗಿದೆಯೇ ಎಂದು. ತಾಗಿದ್ದರೆ ‘ಎ’ ವಿಧ, ತಾಗದಿದ್ದರೆ ‘ಬಿ’ ವಿಧ. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನ ವೈದ್ಯರು ಮಾಡಿದ ಈ ವಿಂಗಡಣೆ ಸರಳವಾದರೂ ಜೀವ ಉಳಿಸುವಂಥದ್ದು. ‘ಎ’ ವಿಧ ತುರ್ತು ಶಸ್ತ್ರಚಿಕಿತ್ಸೆಯ ಕಾಯಿಲೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಪ್ರತಿ ಗಂಟೆಗೆ ನೂರಕ್ಕೆ ಒಬ್ಬರಿಬ್ಬರು ಸಾಯುತ್ತಾರೆಂಬುದು ವೈದ್ಯ ಪುಸ್ತಕಗಳ ಹಳೆಯ ಲೆಕ್ಕ. ಇತ್ತೀಚಿನ ಲೆಕ್ಕಗಳಲ್ಲಿ ಅದು ಸ್ವಲ್ಪ ಕಡಿಮೆ ಇದ್ದರೂ ಕಾಯುವುದಕ್ಕೆ ಸಮಯವಿಲ್ಲ ಎಂಬ ಮಾತು ಬದಲಾಗಿಲ್ಲ. ಬೆಳಗಾಗಲಿ, ಸಂಬಂಧಿಕರೆಲ್ಲ ಸೇರಲಿ, ಗಲ್ಫ್‌ನಿಂದ ಮಗ ಬರಲಿ ಎಂದು ಸಹಿ ಹಾಕದೆ ಕೂರುವ ಹೊತ್ತು ಇದಲ್ಲ.

‘ಬಿ’ ವಿಧದಲ್ಲಿ, ಅಂದರೆ ಇಳಿಯುವ ಭಾಗ ಮಾತ್ರ ಸೀಳಿದ್ದಾಗ, ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ಔಷಧಿಯೇ. ಐ.ಸಿ.ಯು.ನಲ್ಲಿಟ್ಟು, ನೋವು ಇಳಿಸಿ, ನಾಡಿ ಬಡಿತವನ್ನು ನಿಮಿಷಕ್ಕೆ 60ರ ಆಸುಪಾಸಿಗೆ, ಮೇಲಿನ ಬಿ.ಪಿ.ಯನ್ನು 120ರ ಒಳಗೆ ತರುತ್ತಾರೆ. ಬಡಿತದ ಹೊಡೆತ ತಗ್ಗಿದರೆ ಸೀಳು ಮುಂದುವರಿಯುವುದು ನಿಲ್ಲುತ್ತದೆ. ಮೂತ್ರಪಿಂಡಕ್ಕೋ ಕರುಳಿಗೋ ಕಾಲಿಗೋ ರಕ್ತ ನಿಂತರೆ, ನೋವು ನಿಲ್ಲದಿದ್ದರೆ, ಗೋಡೆ ಒಡೆಯುವ ಸೂಚನೆ ಕಂಡರೆ ಸ್ಟೆಂಟ್ ಹಾಕಬೇಕಾಗುತ್ತದೆ. ಆಮೇಲೆ ಜೀವನಪೂರ್ತಿ ಮಾತ್ರೆ, ವರ್ಷಕ್ಕೊಮ್ಮೆಯಾದರೂ ಸ್ಕ್ಯಾನ್.

ಉಬ್ಬು ಮಾತ್ರ ಇದ್ದವರ ವಿಷಯ ಬೇರೆ. ಇಲ್ಲಿ ಯೋಚಿಸಲು ಸಮಯವಿದೆ. ಸಣ್ಣ ಉಬ್ಬಿಗೆ ಬಿ.ಪಿ.ಯನ್ನು 130/80ರೊಳಗೆ ಇಡುವುದು, ಧೂಮಪಾನ ಬಿಡುವುದು, ನಿಗದಿತ ಕಾಲಕ್ಕೆ ಅಳತೆ ನೋಡುವುದು ಇದೇ ಚಿಕಿತ್ಸೆ. ಏರುವ ಭಾಗ 5.5 ಸೆಂಟಿಮೀಟರಿಗೆ ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ. ಅನುಭವಿ ಕೇಂದ್ರಗಳಲ್ಲಿ 5ಕ್ಕೇ ಮಾಡುವುದೂ ಇದೆ. ಮಾರ್ಫಾನ್ ಸಿಂಡ್ರೋಮ್‌ನಂತಹ ಆನುವಂಶಿಕ ದೋಷವಿದ್ದವರಿಗೆ ಮಿತಿ 5, ಕೆಲವೊಮ್ಮೆ 4.5. ಒಂದು ವರ್ಷದಲ್ಲಿ ಅರ್ಧ ಸೆಂಟಿಮೀಟರ್ ಬೆಳೆದರೆ ಒಟ್ಟು ಅಳತೆ ಚಿಕ್ಕದಿದ್ದರೂ ಕಾಯುವುದಿಲ್ಲ. “ಏನೂ ನೋವಿಲ್ಲದ ಮನುಷ್ಯನ ಎದೆ ಕೊಯ್ಯುವುದೇಕೆ?” ಎಂದು ಮನೆಯವರು ಕೇಳುವುದು ಸಹಜ. ಉತ್ತರವಿಷ್ಟೇ: ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಯ ಅಪಾಯ, ಸೀಳಿದ ಮೇಲೆ ನಡುರಾತ್ರಿ ಮಾಡುವುದಕ್ಕಿಂತ ಎಷ್ಟೋ ಪಾಲು ಕಡಿಮೆ.

ಏರುವ ಭಾಗದ ಶಸ್ತ್ರಚಿಕಿತ್ಸೆಗೆ ಎದೆಮೂಳೆ ತೆರೆದು, ಹಾರ್ಟ್–ಲಂಗ್ ಯಂತ್ರದ ಮೇಲಿಟ್ಟು, ಕೆಟ್ಟ ಭಾಗ ಕತ್ತರಿಸಿ ಡೇಕ್ರಾನ್ ಕೊಳವೆ ಹೊಲಿಯುತ್ತಾರೆ. ಬುಡದ ಕವಾಟವೂ ಕೆಟ್ಟಿದ್ದರೆ ಕೊಳವೆಗೆ ಕವಾಟ ಸೇರಿಸಿಯೇ ಕೂರಿಸುತ್ತಾರೆ. 1968ರಲ್ಲಿ ಲಂಡನ್ನಿನ ಹ್ಯೂ ಬೆಂಟಾಲ್ ಪ್ರಕಟಿಸಿದ ವಿಧಾನವಿದು, ಇಂದಿಗೂ ‘ಬೆಂಟಾಲ್ ಆಪರೇಷನ್’ ಎಂದೇ ಹೆಸರು. ರೋಗಿಯ ಸ್ವಂತ ಕವಾಟ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು ಕೊಳವೆ ಮಾತ್ರ ಬದಲಿಸುವ ದಾರಿಯೂ ಇದೆ. ಈಜಿಪ್ಟ್ ಮೂಲದ ಮಗ್ದಿ ಯಾಕೂಬ್ ಮತ್ತು ಕೆನಡಾದ ಟೈರೋನ್ ಡೇವಿಡ್ ಬೇರೆ ಬೇರೆಯಾಗಿ ಇದನ್ನು ರೂಪಿಸಿದರು. ಎಳೆಯ ವಯಸ್ಸಿನವರು, ಅದರಲ್ಲೂ ಮುಂದೆ ತಾಯಿಯಾಗಬೇಕಾದ ಹೆಣ್ಣುಮಕ್ಕಳು, ಈ ದಾರಿ ತಮಗೆ ಸಾಧ್ಯವೇ ಎಂದು ಕೇಳಲೇಬೇಕು. ಕಾರಣ ಮುಂದೆ ಹೇಳುತ್ತೇನೆ.

ಕಮಾನಿನ ಭಾಗ ಅತ್ಯಂತ ಕಷ್ಟದ್ದು. ಮೆದುಳಿಗೆ ಹೋಗುವ ನಾಳಗಳನ್ನು ಬಿಡಿಸಿ ಮತ್ತೆ ಜೋಡಿಸಬೇಕು. ಅದಕ್ಕಾಗಿ ದೇಹವನ್ನು ತಣ್ಣಗೆ ಮಾಡಿ, ಕೆಲ ಕಾಲ ದೇಹದ ರಕ್ತಸಂಚಾರ ನಿಲ್ಲಿಸಿ, ಮೆದುಳಿಗೆ ಮಾತ್ರ ಪ್ರತ್ಯೇಕ ನಳಿಗೆಯಿಂದ ರಕ್ತ ಹರಿಸುತ್ತ ಕೆಲಸ ಮುಗಿಸುತ್ತಾರೆ. ಕಮಾನಿನಿಂದ ಕೊಳವೆಯ ತುದಿಯನ್ನು ಆನೆಯ ಸೊಂಡಿಲಿನಂತೆ ಇಳಿಯುವ ಭಾಗದೊಳಗೆ ನೇತುಬಿಡುವ ಉಪಾಯವನ್ನು 1983ರಲ್ಲಿ ಜರ್ಮನಿಯ ಹಾನ್ಸ್ ಬೋರ್ಸ್ಟ್ ಕಂಡುಹಿಡಿದರು. ಅದಕ್ಕೆ ಹೆಸರೂ ‘ಆನೆ ಸೊಂಡಿಲು’ ವಿಧಾನವೆಂದೇ.

ಇಳಿಯುವ ಭಾಗಕ್ಕೆ ಈಗ ಎದೆ ತೆರೆಯದೆಯೇ ಚಿಕಿತ್ಸೆ ಸಾಧ್ಯ. ತೊಡೆಸಂದಿಯ ನಾಳದಿಂದ ಬಟ್ಟೆ ಹೊದಿಸಿದ ಲೋಹದ ಸ್ಟೆಂಟನ್ನು ಮಡಚಿ ಮೇಲಕ್ಕೆ ತಳ್ಳಿ, ಉಬ್ಬಿದ ಜಾಗದಲ್ಲಿ ಅರಳಿಸುತ್ತಾರೆ. ರಕ್ತ ಸ್ಟೆಂಟಿನ ಒಳಗೇ ಹರಿದು, ಕೆಟ್ಟ ಗೋಡೆಯ ಮೇಲೆ ಒತ್ತಡ ಬೀಳುವುದಿಲ್ಲ. 1987ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ನಿಕೋಲಾಯ್ ವೊಲೊಡೋಸ್ ಇದನ್ನು ಮೊದಲು ಮಾಡಿದರು. ಡಾಕ್ಟರರು ‘ಟೀವಾರ್’ ಎನ್ನುವುದು ಇದನ್ನೇ. ಕೆಲವೇ ದಿನಗಳಲ್ಲಿ ಮನೆಗೆ ಹೋಗಬಹುದು. ಆದರೆ ಕೆಲವರಲ್ಲಿ ಸ್ಟೆಂಟಿನ ಅಂಚಿನಿಂದ ರಕ್ತ ಸೋರುವುದರಿಂದ ಸ್ಕ್ಯಾನ್ ತಪ್ಪಿಸುವಂತಿಲ್ಲ. ಮಾರ್ಫಾನ್ ಇರುವವರಿಗೆ ಸಾಮಾನ್ಯವಾಗಿ ಇದು ಮೊದಲ ಆಯ್ಕೆಯಲ್ಲ. ತೆರೆದ ಶಸ್ತ್ರಚಿಕಿತ್ಸೆಯಿರಲಿ ಸ್ಟೆಂಟ್ ಇರಲಿ, ಇಳಿಯುವ ಭಾಗದಲ್ಲಿ ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲುಗಳ ಬಲ ಹೋಗುವ ಅಪಾಯ ಸ್ವಲ್ಪವಿದೆ. ಸಹಿ ಹಾಕುವ ಮೊದಲು ಇದನ್ನು ಬಿಡಿಸಿ ಕೇಳಿ ತಿಳಿದುಕೊಳ್ಳಿ.

ಕವಾಟದ ಆಯ್ಕೆ ಮತ್ತು ನಮ್ಮ ಪ್ರಶ್ನೆಗಳು

ಕವಾಟ ಬದಲಿಸಬೇಕೆಂದಾಗ ನಮ್ಮ ಕುಟುಂಬಗಳಲ್ಲಿ ಏಳುವ ಪ್ರಶ್ನೆಯೊಂದಿದೆ, ಕೇಳಲು ಸಂಕೋಚಪಡುವವರೇ ಹೆಚ್ಚು. ಕವಾಟದಲ್ಲಿ ಎರಡು ಬಗೆ. ಲೋಹ ಮತ್ತು ಕಾರ್ಬನ್ನಿನಂತಹ ವಸ್ತುಗಳ ಯಾಂತ್ರಿಕ ಕವಾಟ ದೀರ್ಘಕಾಲ ಬಾಳುತ್ತದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ, 1990ರಿಂದ ಬಳಕೆಯಲ್ಲಿರುವ ‘ಚಿತ್ರಾ’ ಕವಾಟ ಈ ಬಗೆಯದು. ಎರಡನೆಯದು ಜೈವಿಕ ಕವಾಟ. ಅದು ದನದ ಹೃದಯದ ಹೊದಿಕೆಯಿಂದಲೋ ಹಂದಿಯ ಕವಾಟದಿಂದಲೋ ತಯಾರಾಗುತ್ತದೆ. ಯಾವುದೆಂದು ಕೇಳಿದರೆ ಸರ್ಜನ್ ಹೇಳುತ್ತಾರೆ. ದನದ್ದು ಸುಲಭವಾಗಿ ಸಿಗುತ್ತದೆ. ಡೇಕ್ರಾನ್ ಕೊಳವೆ ಮೂಲತಃ ಪಾಲಿಯೆಸ್ಟರ್, ರಕ್ತ ಸೋರದಂತೆ ಅದಕ್ಕೆ ಹೆಚ್ಚಾಗಿ ದನದ ಕೊಲಾಜನ್ ಅಥವಾ ಜೆಲಾಟಿನ್ ಲೇಪನವಿರುತ್ತದೆ. ಹಾರ್ಟ್–ಲಂಗ್ ಯಂತ್ರಕ್ಕೆ ಬೇಕಾದ ಹೆಪಾರಿನ್ ಔಷಧಿ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ಬರುವುದು, ಅದಕ್ಕೆ ಸಮನಾದ ಬದಲಿ ಸುಲಭಕ್ಕೆ ಸಿಗದು. ಪ್ರಾಣ ಉಳಿಸಲು ಬೇರೆ ದಾರಿಯಿಲ್ಲದಾಗ ಝರೂರತ್‌ನ ರಿಯಾಯಿತಿ ಇದೆಯೆಂದು ಉಲಮಾಗಳು ಹೇಳುತ್ತಾರೆ. ಮನಸ್ಸಿಗೆ ಸಮಾಧಾನವಾಗಬೇಕಿದ್ದರೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅಲ್ಲ, ಉಬ್ಬು ಪತ್ತೆಯಾದಾಗಲೇ ನಿಮ್ಮ ಆಲಿಮ್ ಮತ್ತು ಡಾಕ್ಟರ್ ಇಬ್ಬರಲ್ಲೂ ಮಾತಾಡಿ.

ಯಾಂತ್ರಿಕ ಕವಾಟವಿದ್ದವರು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದ ಮಾತ್ರೆ ತಿನ್ನಬೇಕು, ಆಗಾಗ ರಕ್ತ ಪರೀಕ್ಷಿಸಬೇಕು. ಈ ಮಾತ್ರೆ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಜೈವಿಕ ಕವಾಟಕ್ಕೆ ಅಂತಹ ಮಾತ್ರೆ ದೀರ್ಘಕಾಲ ಬೇಡ, ಆದರೆ ಅದು ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ. ಹುಡುಗಿಯರ ವಿಷಯದಲ್ಲಿ ಸ್ವಂತ ಕವಾಟ ಉಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿ ಎಂದದ್ದು ಇದಕ್ಕೇ. ಗರ್ಭಾವಸ್ಥೆ ಮತ್ತು ಹೆರಿಗೆಯ ದಿನಗಳಲ್ಲಿ ಮಹಾಪಧಮನಿ ಸೀಳುವ ಅಪಾಯ ಹೆಚ್ಚು. ಮಾರ್ಫಾನ್ ಇರುವ ಹೆಣ್ಣುಮಗಳ ಮಹಾಪಧಮನಿಯ ಬುಡ 4.5 ಸೆಂಟಿಮೀಟರ್ ದಾಟಿದ್ದರೆ ಶಸ್ತ್ರಚಿಕಿತ್ಸೆ ಮೊದಲು, ಗರ್ಭಧಾರಣೆ ಆಮೇಲೆ. ಮದುವೆಯ ಮಾತುಕತೆಗೆ ತೊಡಕಾಗುತ್ತದೆಂದು ಈ ವಿಷಯ ಮುಚ್ಚಿಟ್ಟು, ಬಸುರಾದ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ ದೊಡ್ಡ ಅನ್ಯಾಯ ಆ ಹುಡುಗಿಗೆ ಇನ್ನೊಂದಿಲ್ಲ.

ಎಳೆಯ ಹೆಣ್ಣುಮಕ್ಕಳಲ್ಲೇ ಹೆಚ್ಚು ಕಾಣುವ, ಭಾರತದಂತಹ ಏಷ್ಯಾದ ದೇಶಗಳಲ್ಲಿ ಅಪರೂಪವಲ್ಲದ ಇನ್ನೊಂದು ಕಾಯಿಲೆಯನ್ನು ಇಲ್ಲಿ ಹೇಳದೆ ಇರಲಾಗದು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ತಕಯಾಸು ಗುರುತಿಸಿದ ಕಾಯಿಲೆ ಇದು. ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆಯಲ್ಲಿ ಉರಿಯೂತವಾಗಿ ನಾಳ ಕಿರಿದಾಗುತ್ತದೆ, ಕೆಲವೆಡೆ ಉಬ್ಬುತ್ತದೆ. ತಿಂಗಳುಗಟ್ಟಲೆ ಸಣ್ಣ ಜ್ವರ, ಸುಸ್ತು, ಬಟ್ಟೆ ಒಗೆಯುವಾಗ ಕೈ ಸೋಲುವುದು, ಒಂದು ಕೈಯಲ್ಲಿ ನಾಡಿಯೇ ಸಿಗದಿರುವುದು ಇದರ ಲಕ್ಷಣ. ರಕ್ತಹೀನತೆ ಎಂದು ಟಾನಿಕ್ ಕೊಟ್ಟು ವರ್ಷ ಕಳೆಯುವವರಿದ್ದಾರೆ. ಇದಕ್ಕೆ ಮೊದಲು ಸ್ಟೆರಾಯ್ಡ್ ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮಾತ್ರೆಗಳು, ಉರಿಯೂತ ಶಮನವಾದ ಮೇಲೆ ಅಗತ್ಯವಿದ್ದರೆ ಬಲೂನ್ ಅಥವಾ ಬೈಪಾಸ್. ಹಾಗೆಯೇ ಇಪ್ಪತ್ತು ವರ್ಷದ ಹುಡುಗನಿಗೆ ಬಿ.ಪಿ. ಹೆಚ್ಚಿದ್ದರೆ ಕಾಲಿನ ನಾಡಿಯನ್ನೂ ನೋಡಿಸಿ. ಹುಟ್ಟಿನಿಂದಲೇ ಮಹಾಪಧಮನಿ ಒಂದೆಡೆ ಕಿರಿದಾಗಿದ್ದರೆ ಕೈಯಲ್ಲಿ ಬಿ.ಪಿ. ಹೆಚ್ಚು, ಕಾಲಿನಲ್ಲಿ ಕಡಿಮೆ ಇರುತ್ತದೆ. ಅದನ್ನು ಸ್ಟೆಂಟಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಪಡಿಸಬಹುದು.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ. ಸ್ಟೆಂಟಿನ ಬೆಲೆ ಹೆಚ್ಚು, ಆದ್ದರಿಂದ ಯೋಜನೆಯಲ್ಲಿ ಎಷ್ಟು ಸೇರಿದೆ, ಕೈಯಿಂದ ಎಷ್ಟು ಹಾಕಬೇಕು ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿ.

ಮನೆಗೆ ಬಂದ ಮೇಲೆ

ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕೊಡಪಾನ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಕೈಯೂರಿ ನೆಲದಿಂದ ಏಳುವುದು ಬೇಡ. ಸುಜೂದ್‌ನಿಂದ ಏಳುವಾಗ ತೋಳಿನ ಮೇಲೆ ಭಾರ ಬೀಳುವುದರಿಂದ ಡಾಕ್ಟರ್ ಹೇಳುವವರೆಗೆ ಕುರ್ಚಿಯ ಮೇಲೆಯೇ ನಮಾಝ್ ಮಾಡಿ. ಮಲಬದ್ಧತೆಗೆ ಅವಕಾಶ ಕೊಡಬೇಡಿ, ತಿಣುಕಿದರೆ ಬಿ.ಪಿ. ಒಮ್ಮೆಲೇ ಏರುತ್ತದೆ. ಉಬ್ಬು ಇರುವ ಯುವಕರು ಜಿಮ್‌ನಲ್ಲಿ ಭಾರ ಎತ್ತುವುದನ್ನು ಬಿಡಬೇಕು, ನಡಿಗೆಗೆ ಅಡ್ಡಿಯಿಲ್ಲ.

ರಮಝಾನ್ ಬರುವ ಒಂದು ತಿಂಗಳು ಮೊದಲೇ ಡಾಕ್ಟರರನ್ನು ಕಾಣಿ. ದಿನಕ್ಕೆ ಮೂರು ಬಾರಿಯ ಮಾತ್ರೆಯನ್ನು ಸಹ್ರಿ ಮತ್ತು ಇಫ್ತಾರಿಗೆ ಹೊಂದಿಸಲು ಹಲವರಿಗೆ ಸಾಧ್ಯವಿದೆ, ಇತ್ತೀಚೆಗೆ ಆಪರೇಷನ್ ಆದವರಿಗೆ ಉಪವಾಸ ಬೇಡವೆಂದೇ ಹೇಳಬಹುದು. ನೀವೇ ಲೆಕ್ಕ ಹಾಕಿ ಒಂದು ಹೊತ್ತಿನ ಮಾತ್ರೆ ಬಿಡುವುದು ಎಲ್ಲಕ್ಕಿಂತ ಅಪಾಯಕಾರಿ. ಗಲ್ಫ್‌ನಲ್ಲಿ ದುಡಿಯುವವರು ಊರಿನಿಂದ ಒಯ್ದ ಮಾತ್ರೆ ಮುಗಿದ ಮೇಲೆ ಮುಂದಿನ ರಜೆಯವರೆಗೆ ಸುಮ್ಮನಿರುವುದೂ ಇದೇ ಸಾಲಿಗೆ ಸೇರುತ್ತದೆ. ಬಿ.ಪಿ. ಹೆಚ್ಚಿರುವುದು ಮೈಗೆ ಗೊತ್ತಾಗುವುದಿಲ್ಲ, ಮಹಾಪಧಮನಿಗೆ ಗೊತ್ತಾಗುತ್ತದೆ.

ಇನ್ನೊಂದು, ಮೆಡಿಕಲ್ ಶಾಪಿನ ವಿಷಯ. ಮೂತ್ರದ ಉರಿಗೆ, ಭೇದಿಗೆ, ಕೆಮ್ಮಿಗೆ ಚೀಟಿಯಿಲ್ಲದೆ ಸಿಪ್ರೊಫ್ಲಾಕ್ಸಸಿನ್, ಓಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ತಂದು ತಿನ್ನುವುದು ನಮ್ಮಲ್ಲಿ ರೂಢಿ. ಈ ಗುಂಪಿನ ಆ್ಯಂಟಿಬಯೋಟಿಕ್‌ಗಳು ಮಹಾಪಧಮನಿ ಸೀಳುವ ಅಪಾಯ ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಉಬ್ಬು ಇರುವವರು ಬೇರೆ ಔಷಧಿಯಿದ್ದರೆ ಇವನ್ನು ತಪ್ಪಿಸಬೇಕು. ಯಾವ ಡಾಕ್ಟರರ ಬಳಿ ಹೋದರೂ ನಿಮಗೆ ಮಹಾಪಧಮನಿಯ ತೊಂದರೆ ಇದೆಯೆಂದು ಮೊದಲು ಹೇಳಿ.

ಡಿಬೇಕಿಯವರಿಗೆ ಏನಾಯಿತು? ಮೊದಮೊದಲು ಅವರು ಆಪರೇಷನ್ ಬೇಡವೆಂದರು. ಉಬ್ಬು 5.2ರಿಂದ 7.5 ಸೆಂಟಿಮೀಟರಿಗೆ ಬೆಳೆದು ಅವರು ಪ್ರಜ್ಞೆ ಕಳೆದುಕೊಂಡಾಗ, ಇಷ್ಟು ವಯಸ್ಸಾದವರಿಗೆ ಅರಿವಳಿಕೆ ಕೊಡಲು ಆಸ್ಪತ್ರೆಯ ಅರಿವಳಿಕೆ ತಜ್ಞರು ಒಪ್ಪಲಿಲ್ಲ. ನೈತಿಕ ಸಮಿತಿ ಸಭೆ ಸೇರಿತು, ಪತ್ನಿ ಆ ಸಭೆಗೇ ನುಗ್ಗಿ ಇನ್ನು ತಡ ಮಾಡಬೇಡಿ ಎಂದರು. 2006ರ ಫೆಬ್ರವರಿಯಲ್ಲಿ ಅವರ ಶಿಷ್ಯರೇ ಸುಮಾರು ಏಳು ಗಂಟೆ ಶಸ್ತ್ರಚಿಕಿತ್ಸೆ ನಡೆಸಿ ಡೇಕ್ರಾನ್ ಕೊಳವೆ ಹೊಲಿದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಅವರು ಚೇತರಿಸಿಕೊಂಡರು, ಮತ್ತೆ ಕೆಲಸಕ್ಕೂ ಹೋದರು. 2008ರ ಜುಲೈಯಲ್ಲಿ, ನೂರು ತುಂಬಲು ಎರಡು ತಿಂಗಳಿರುವಾಗ ತೀರಿಕೊಂಡರು.

ಎಲ್ಲರಿಗೂ ಆ ಅದೃಷ್ಟವಿಲ್ಲ. 1986ರಲ್ಲಿ ಅಮೆರಿಕದ ಪ್ರಸಿದ್ಧ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ ಜಪಾನಿನಲ್ಲಿ ಪಂದ್ಯದ ನಡುವೆ ಬೆಂಚಿನ ಮೇಲೆ ಕುಳಿತಿದ್ದಾಗಲೇ ಕುಸಿದು ಸತ್ತರು. ವಯಸ್ಸು 31, ಎತ್ತರ ಆರಡಿ ಐದಿಂಚು. ಮೊದಲು ಹೃದಯಾಘಾತ ಎಂದರು. ಮರಣೋತ್ತರ ಪರೀಕ್ಷೆಯಲ್ಲಿ ಮಾರ್ಫಾನ್ ಮತ್ತು ಸೀಳಿದ ಮಹಾಪಧಮನಿ ಕಂಡಿತು. ಅತಿ ಎತ್ತರ, ಉದ್ದನೆಯ ಬೆರಳು ಮತ್ತು ತೋಳು, ಗೂಡಾದ ಅಥವಾ ಉಬ್ಬಿದ ಎದೆ, ಕಣ್ಣಿನ ಮಸೂರ ಜಾರುವುದು ಇದರ ಗುರುತುಗಳು. ಸಂಬಂಧದಲ್ಲಿ ಮದುವೆಯಾದದ್ದೇ ಕಾರಣವೆಂದು ಕೆಲವರು ತಿಳಿಯುತ್ತಾರೆ, ಅದು ಸರಿಯಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಯಾರಿಗೂ ಇಲ್ಲದೆ ಹೊಸದಾಗಿ ಬರುವುದೂ ಉಂಟು. ಆದ್ದರಿಂದ ಒಬ್ಬರಲ್ಲಿ ಉಬ್ಬು ಅಥವಾ ಸೀಳು ಕಂಡರೆ ಅವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಒಮ್ಮೆ ಎಕೋ ಮಾಡಿಸಬೇಕು. ಫ್ಲೋ ಹೈಮನ್ ತೀರಿದ ಮೇಲೆ ಅವರ ತಮ್ಮನನ್ನು ಪರೀಕ್ಷಿಸಿದರು. ಅವನಿಗೂ ಅದೇ ತೊಂದರೆಯಿತ್ತು. ಶಸ್ತ್ರಚಿಕಿತ್ಸೆ ಮಾಡಿ ಅವನನ್ನು ಉಳಿಸಿಕೊಂಡರು.